ಗಂಟಿಲ್ಲದೆ ನಿಲ್ಲುವ ಕುಣಿಕೆ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ರಾಯಬಾಗದ ಕಡೆಯ ಹಳ್ಳಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಒಂದು ಉಂಡೆ ಉಣ್ಣೆಯ ನೂಲನ್ನೂ ಒಂದು ತುಂಡು ಗೋಣಿತಟ್ಟನ್ನೂ ಹಿಡಿದುಕೊಂಡು ನಮ್ಮ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಬಂದಳು. ಹಿಂದಿನ ದಿನದವರೆಗೆ ಅವೆರಡೂ ಕೂಡಿ ಒಂದು ಕಾಲೊರಸು ಆಗಿದ್ದವು. ಆಕೆಯ ಅಜ್ಜನ ಮನೆಯಲ್ಲಿ ಕುರಿಗಳಿವೆ. ಅಜ್ಜಿ ನೂತ ಕರಿಯ ಉಣ್ಣೆಯಿಂದ ಆಕೆ ತಾನೇ ಅದನ್ನು ಮಾಡಿದ್ದಳು. ಎರಡು ತಿಂಗಳ ಕಾಲ ಮನೆಯವರೆಲ್ಲರೂ ಹೊಸ್ತಿಲ ಬಳಿ ಅದನ್ನು ತುಳಿದರೂ ಒಂದು ಎಳೆಯೂ ಮಿಸುಕಿರಲಿಲ್ಲ. ಕೊನೆಗೊಂದು ದಿನ ಚಿಕ್ಕ ತಮ್ಮನು ಅದನ್ನು ಮಗುಚಿ ಹಾಕಿ, ಹಿಂಬದಿಯಲ್ಲಿ ಕಂಡ ನೂಲಿನ ತುದಿಯನ್ನು ಹಿಡಿದು ಎಳೆದನು. ಸಾಲಿನ ಮೇಲೆ ಸಾಲು ಬಿಚ್ಚಿಕೊಂಡಿತು. ತಾಯಿ ಒಳಗಿನಿಂದ ಓಡಿಬರುವಷ್ಟರಲ್ಲಿ ಅರ್ಧ ಕಾಲೊರಸು ಮತ್ತೆ ನೂಲಾಗಿತ್ತು.

“ಸರ್, ಇದರಾಗ ಒಂದೂ ಗಂಟಿಲ್ಲ. ಗಂಟಿಲ್ಲದ್ದು ಎರಡು ತಿಂಗಳ ಹ್ಯಾಂಗ ನಿಂತಿತು? ಅಷ್ಟ ಗಟ್ಟಿ ನಿಂತದ್ದು ಒಂದ ಗಳಿಗ್ಯಾಗ ಹ್ಯಾಂಗ ಹೋತು?” ಎಂದು ಆಕೆ ಕೇಳಿದಳು.

ಆಕೆ ಕೇಳಿದುದು ಎರಡು ಪ್ರಶ್ನೆಗಳನ್ನು. ಎರಡಕ್ಕೂ ಉತ್ತರ ಒಂದೇ ಅಧ್ಯಾಯದಲ್ಲಿದೆ. ಘರ್ಷಣೆಯೆಂಬ ಆ ಅಧ್ಯಾಯವನ್ನು ನಾವು ಇಳಿಜಾರಿನ ಮೇಲೆ ಮರದ ತುಂಡನ್ನು ಜಾರಿಸಿ ಮುಗಿಸಿಬಿಡುತ್ತೇವೆ. ಅದೇ ಅಧ್ಯಾಯವನ್ನು ಈ ಕಾಲೊರಸಿನ ಮೂಲಕ ಇನ್ನೊಮ್ಮೆ ಓದೋಣ.

ಮೊದಲು ಸಲಕರಣೆಯನ್ನು ನೋಡೋಣ. ಅಂಗಡಿಗಳಲ್ಲಿ ಇದಕ್ಕೆ ‘ಪಂಚ್ ನೀಡಲ್’ ಎಂದು ಹೆಸರು. ಈ ಲೇಖನದಲ್ಲಿ ಇದನ್ನು ಕುಚ್ಚುಸೂಜಿ ಎಂದು ಕರೆಯೋಣ. ಅಂಗೈಯಲ್ಲಿ ಹಿಡಿಸುವ ಮರದ ಹಿಡಿ, ಅದರಿಂದ ಮುಂದಕ್ಕೆ ಚಾಚಿದ ಲೋಹದ ಟೊಳ್ಳು ನಳಿಕೆ. ನಳಿಕೆಯ ತುದಿಯನ್ನು ಬಿದಿರಿನ ಲೇಖನಿಯಂತೆ ಓರೆಯಾಗಿ ಕತ್ತರಿಸಿರುತ್ತಾರೆ. ಮೊನೆಯ ಹತ್ತಿರ ಒಂದು ಕಣ್ಣು. ನೂಲು ಹಿಡಿಯ ಹಿಂದಿನಿಂದ ಒಳಹೊಕ್ಕು, ನಳಿಕೆಯಲ್ಲಿ ಹಾದು, ಆ ಕಣ್ಣಿನಿಂದ ಹೊರಬರುತ್ತದೆ. ನಮ್ಮ ಮನೆಗಳ ದಬ್ಬಣಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ದಬ್ಬಣವು ಬಟ್ಟೆಯನ್ನು ಪೂರ್ತಿ ದಾಟಿ ದಾರವನ್ನೂ ತನ್ನೊಡನೆ ಆಚೆಗೆ ಕೊಂಡೊಯ್ಯುತ್ತದೆ. ಕುಚ್ಚುಸೂಜಿ ದಾಟುವುದಿಲ್ಲ, ಒಳಹೊಕ್ಕು, ಹೊಕ್ಕ ತೂತಿನಿಂದಲೇ ಹಿಂದಿರುಗುತ್ತದೆ. ಹಿಂದಿರುಗುವಾಗ ಆಚೆಯ ಮಗ್ಗುಲಲ್ಲಿ ನೂಲಿನ ಒಂದು ಕುಣಿಕೆಯನ್ನು ಬಿಟ್ಟುಬರುತ್ತದೆ. ಇಂತಹ ಕುಣಿಕೆಗಳನ್ನು ಸಾವಿರಗಟ್ಟಲೆ ಒತ್ತಾಗಿ ನಿಲ್ಲಿಸಿದರೆ ಕುಚ್ಚಿನ ನೆಲಹಾಸು ಸಿದ್ಧವಾಗುತ್ತದೆ.

ಕೆಲಸ ನಡೆಯುವುದು ಹಿಂಬದಿಯಿಂದ. ಮಾಡುವವರಿಗೆ ಹಾಸಿನ ಮುಖ ಕಾಣುವುದೇ ಇಲ್ಲ. ಆದುದರಿಂದ ‘ಸುಸ್ವಾಗತ’ ಎಂದು ಬರೆಯಬೇಕಾದರೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬಿಡಿಸಿಕೊಳ್ಳಬೇಕು. ಮೊದಲ ಸಲ ಮಾಡುವವರಲ್ಲಿ ಇದನ್ನು ಮರೆಯದವರು ವಿರಳ.

ಈಗ ಒಂದು ಕುಣಿಕೆ ಹುಟ್ಟುವ ಬಗೆಯನ್ನು ನಿಧಾನವಾಗಿ ನೋಡೋಣ. ಸೂಜಿ ಬಟ್ಟೆಯೊಳಗೆ 1 ಸೆಂಟಿಮೀಟರ್ ಇಳಿಯಿತೆಂದು ಇಟ್ಟುಕೊಳ್ಳಿ. ಕಣ್ಣಿನಿಂದ ಹೊರಬಂದ ನೂಲು ಹಿಂದಿನ ತೂತಿನಲ್ಲಿ ಸಿಕ್ಕಿಕೊಂಡಿರುವುದರಿಂದ, ಸೂಜಿಯ ಹೊರಮೈಯ ಪಕ್ಕದಲ್ಲಿ 1 ಸೆಂಟಿಮೀಟರ್ ನೂಲು ಹೊಸದಾಗಿ ಬೇಕಾಗುತ್ತದೆ. ನಳಿಕೆಯೂ ಅಷ್ಟೇ ಕೆಳಗಿಳಿದಿರುವುದರಿಂದ ಅದರೊಳಗಿನ ನೂಲೂ 1 ಸೆಂಟಿಮೀಟರ್ ಇಳಿಯುತ್ತದೆ. ಹೀಗೆ ಉಂಡೆಯಿಂದ ಒಟ್ಟು 2 ಸೆಂಟಿಮೀಟರ್ ನೂಲು ಸೆಳೆಯಲ್ಪಡುತ್ತದೆ. ಇನ್ನು ಸೂಜಿ ಮೇಲಕ್ಕೆ ಬರುವಾಗ ನೂಲು ಮೇಲೆ ಬರುವುದಿಲ್ಲ. ನೂಲು ಇದ್ದಲ್ಲೇ ನಿಂತಿರುತ್ತದೆ. ನಳಿಕೆಯೊಂದೇ ಅದರ ಮೇಲೆ ಜಾರಿಕೊಂಡು ಮೇಲೇರುತ್ತದೆ. ಒರೆಯನ್ನು ಎಳೆದುಕೊಂಡು ಕತ್ತಿಯನ್ನು ಬಿಟ್ಟುಬಂದ ಹಾಗೆ ಇದು. ಹಿಡಿ ಬಟ್ಟೆಗೆ ತಾಗುವವರೆಗೆ ಪ್ರತಿಸಲವೂ ಒತ್ತಿದರೆ ಎಲ್ಲ ಕುಣಿಕೆಗಳ ಎತ್ತರವೂ ಒಂದೇ ಆಗುತ್ತದೆ. ಅಳತೆಗೆ ಬೇರೆ ಸಾಧನ ಬೇಡ.

ಆದರೆ ನೂಲು ಇದ್ದಲ್ಲೇ ಏಕೆ ನಿಲ್ಲಬೇಕು? ಅದನ್ನು ಎರಡು ಬಲಗಳು ಎದುರುಬದುರಾಗಿ ಹಿಡಿದಿರುತ್ತವೆ. ಮೇಲೇರುವ ನಳಿಕೆಯ ಒಳಗೋಡೆ ನೂಲನ್ನು ಉಜ್ಜಿ ಮೇಲಕ್ಕೆ ಸೆಳೆಯುತ್ತದೆ. ಉಂಡೆಯ ಕಡೆಯ ಎಳೆತವೂ ಅದಕ್ಕೆ ಸೇರಿಕೊಳ್ಳುತ್ತದೆ. ಇತ್ತ ಬಟ್ಟೆಯ ಹಾಸು ಹೊಕ್ಕಿನ ಎಳೆಗಳು, ಸೂಜಿ ಬದಿಗೆ ಸರಿಸಿದ್ದ ಜಾಗಕ್ಕೆ ಮರಳಲೆತ್ನಿಸುತ್ತ, ನೂಲನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುತ್ತವೆ. ಈ ಹಿಡಿತ ಆ ಸೆಳೆತಕ್ಕಿಂತ ಹೆಚ್ಚಾಗಿದ್ದರೆ ಕುಣಿಕೆ ಉಳಿಯುತ್ತದೆ; ಇಲ್ಲವಾದರೆ ಸೂಜಿಯ ಹಿಂದೆಯೇ ಮೇಲೆ ಬರುತ್ತದೆ. ಕುಚ್ಚುಸೂಜಿ ಹಿಡಿದವರೆಲ್ಲರಿಗೂ ಒಂದು ಅನುಭವವುಂಟು. ಕೆಲಸ ಚೆನ್ನಾಗಿ ಸಾಗುತ್ತಿರುವಾಗಲೇ ಕುಣಿಕೆಗಳು ಇದ್ದಕ್ಕಿದ್ದಂತೆ ನಿಲ್ಲದಾಗುತ್ತವೆ. ಸೂಜಿಯ ದೋಷವೆಂದು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ನಿಜವಾಗಿ ನೂಲಿನ ಉಂಡೆ ಮಣೆಯ ಕೆಳಗೋ ಮೊಣಕಾಲಿನಡಿಯೋ ಸಿಕ್ಕಿಬಿದ್ದಿರುತ್ತದೆ. ನೂಲು ಯಾವಾಗಲೂ ಸಡಿಲವಾಗಿ ಬರುತ್ತಿರಬೇಕೆಂಬ ನಿಯಮಕ್ಕೆ ಕಾರಣ ಇಷ್ಟೇ.

ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಹಲಗೆಯ ಚರ್ಮದಂತೆ ಸೆಟೆಸುವುದಕ್ಕೂ ಇದೇ ಕಾರಣ. ಸಡಿಲ ಬಟ್ಟೆ ಸೂಜಿಯೊಡನೆ ತಾನೂ ತಗ್ಗುತ್ತದೆ. ಬಿಗಿದ ಬಟ್ಟೆ ಎದುರು ನಿಲ್ಲುತ್ತದೆ. ಮೊನೆಯ ವ್ಯಾಸ ಅರ್ಧ ಮಿಲಿಮೀಟರ್ ಆಗಿದ್ದರೆ ಅದರ ಕ್ಷೇತ್ರಫಲ ಸುಮಾರು 0.2 ಚದರ ಮಿಲಿಮೀಟರ್. ಬರಿಯ 2 ನ್ಯೂಟನ್ ಬಲದಿಂದ, ಎಂದರೆ 200 ಗ್ರಾಮಿನ ತೂಕದಷ್ಟು ಬಲದಿಂದ ಒತ್ತಿದರೂ ಅಲ್ಲಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ನೂರರಷ್ಟಾಗುತ್ತದೆ. ಆ ಮೊನೆ ಎಳೆಯನ್ನು ಕತ್ತರಿಸಬಾರದು. ಎಳೆಗಳ ನಡುವೆ ದಾರಿ ಮಾಡಿಕೊಳ್ಳಬೇಕು. ಮೊನೆಯ ಹಿಂದೆ ನಳಿಕೆ ಕ್ರಮೇಣ ದಪ್ಪವಾಗುತ್ತ ಬೆಣೆಯಂತೆ ಎಳೆಗಳನ್ನು ಸರಿಸುತ್ತದೆ. ಎಳೆ ಕತ್ತರಿಸಿದರೆ ಮರಳಿ ಅದುಮುವ ಬಲವೂ ಹೋಯಿತು, ಕುಣಿಕೆಯೂ ಹೋಯಿತು.

ಇಲ್ಲಿಗೆ ಮೊದಲ ಪ್ರಶ್ನೆಗೆ ಉತ್ತರ ಬಂದಂತಾಯಿತು. ಗಂಟಿಲ್ಲದಿದ್ದರೂ ಪ್ರತಿಯೊಂದು ತೂತೂ ಒಂದು ಪುಟ್ಟ ಇಕ್ಕಳದಂತಿದೆ. ಎರಡನೆಯ ಪ್ರಶ್ನೆ ಇನ್ನೂ ಸ್ವಾರಸ್ಯಕರ. ಅದಕ್ಕೆ ಸ್ವಲ್ಪ ಲೆಕ್ಕ ಬೇಕು.

60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲದ ಕಾಲೊರಸನ್ನು ತೆಗೆದುಕೊಳ್ಳಿ. ಅರ್ಧ ಸೆಂಟಿಮೀಟರಿಗೆ ಒಂದರಂತೆ ಕುಣಿಕೆಗಳನ್ನೂ ಸಾಲುಗಳನ್ನೂ ಇಟ್ಟರೆ ಚದರ ಸೆಂಟಿಮೀಟರಿಗೆ 4 ಕುಣಿಕೆಗಳು, ಒಟ್ಟು 9,600. ಒಂದೊಂದು ಕುಣಿಕೆಯನ್ನು ಕೀಳಲು 1 ನ್ಯೂಟನ್ ಬಲ, ಎಂದರೆ 100 ಗ್ರಾಮಿನ ತೂಕದಷ್ಟು ಸಾಕು ಎಂದು ಭಾವಿಸೋಣ. 60 ಕಿಲೋಗ್ರಾಂ ತೂಕದ ಮನುಷ್ಯ ಬರಿಗಾಲಿನಲ್ಲಿ ಅದನ್ನು ತುಳಿದಾಗ ಪಾದದ ಕೆಳಗೆ ಸುಮಾರು 150 ಚದರ ಸೆಂಟಿಮೀಟರ್ ಜಾಗದಲ್ಲಿ 600 ಕುಣಿಕೆಗಳಿರುತ್ತವೆ. ಅವನ ತೂಕ ಸುಮಾರು 600 ನ್ಯೂಟನ್. ತಲಾ ಒಂದು ಕುಣಿಕೆಗೆ 1 ನ್ಯೂಟನ್. ಅದೂ ಕೀಳುವ ದಿಕ್ಕಿನಲ್ಲಲ್ಲ, ಕೆಳಕ್ಕೆ ಅದುಮುವ ದಿಕ್ಕಿನಲ್ಲಿ. ಕಾಲು ಒರೆಸುವಾಗ ಅಡ್ಡಲಾಗಿ ಬೀಳುವ ಎಳೆತ ಇದರ ಒಂದು ಅಂಶ ಮಾತ್ರ. ಅದನ್ನೂ ನೂರಾರು ಕುಣಿಕೆಗಳು ಹಂಚಿಕೊಳ್ಳುತ್ತವೆ. ಎರಡು ತಿಂಗಳಲ್ಲ, ಎರಡು ವರ್ಷ ತುಳಿದರೂ ಅದು ಬಿಚ್ಚಬೇಕಾದ ಕಾರಣವಿಲ್ಲ.

ಹುಡುಗ ಎಳೆದುದಾದರೋ ನೂಲಿನ ತುದಿಯನ್ನು. ಆ ಎಳೆತಕ್ಕೆ 9,600 ಕುಣಿಕೆಗಳೂ ಒಟ್ಟಾಗಿ ಎದುರು ನಿಂತಿದ್ದರೆ ಅವನಿಗೆ 9,600 ನ್ಯೂಟನ್, ಎಂದರೆ ಹೆಚ್ಚುಕಡಿಮೆ ಒಂದು ಟನ್ ತೂಕದಷ್ಟು ಬಲ ಬೇಕಾಗುತ್ತಿತ್ತು. ಆದರೆ ಅವು ಒಟ್ಟಾಗಿ ನಿಲ್ಲುವುದಿಲ್ಲ. ಮೊದಲು ಕೊನೆಯ ಕುಣಿಕೆಯೊಂದೇ 1 ನ್ಯೂಟನ್ ಬಲದಿಂದ ಎದುರಿಸಿ ಸೋಲುತ್ತದೆ. ಆಮೇಲೆ ಅದರ ಹಿಂದಿನದು. ಆಮೇಲೆ ಅದರ ಹಿಂದಿನದು. ವಿದ್ಯುತ್ ಪಾಠದಲ್ಲಿ ಸಮಾಂತರ ಜೋಡಣೆ, ಸರಣಿ ಜೋಡಣೆ ಎಂಬ ಭೇದವನ್ನು ಓದಿದ್ದೀರಷ್ಟೆ? ಅದನ್ನು ನೆನಪಿಗೆ ತಂದುಕೊಂಡರೆ ಸಾಕು. ತುಳಿತಕ್ಕೆ ಕುಣಿಕೆಗಳು ಸಮಾಂತರವಾಗಿ ನಿಂತಿವೆ. ತುದಿಯ ಎಳೆತಕ್ಕೆ ಒಂದರ ಹಿಂದೊಂದಾಗಿ ಸರದಿಯಲ್ಲಿ ನಿಂತಿವೆ. ನೂರು ಜನ ಕೂಡಿ ಹಿಡಿದ ಹಗ್ಗವನ್ನು ಕಸಿಯುವುದಕ್ಕೂ, ಸಾಲಿನಲ್ಲಿ ನಿಂತ ನೂರು ಜನರ ಕೈಯಿಂದ ಒಬ್ಬೊಬ್ಬರಾಗಿ ಕಸಿಯುವುದಕ್ಕೂ ಇರುವ ಅಂತರ ಇದು.

ಇಲ್ಲೊಂದು ಸೂಕ್ಷ್ಮವಿದೆ. ಹಾಸಿನ ಮುಖದ ಕಡೆಯಿಂದ ನಡುವಿನ ಒಂದು ಕುಣಿಕೆಯನ್ನು ಹಿಡಿದು ಎಳೆದರೆ ಅಷ್ಟು ಸುಲಭವಾಗಿ ಬಾರದು. ಏಕೆಂದರೆ ನೂಲು ಪಕ್ಕದ ಕುಣಿಕೆಯಿಂದ ಬರಬೇಕು. ಅದು ಒಂದು ತೂತಿನಿಂದ ಮೇಲೆ ಬಂದು, ಹಿಂಬದಿಯಲ್ಲಿ ಕಾಲುಸುತ್ತು ಬಾಗಿ, ಮುಂದಿನ ತೂತಿನ ಬಳಿ ಮತ್ತೆ ಕಾಲುಸುತ್ತು ಬಾಗಿ ಇಳಿಯಬೇಕು. ಬಾಗುವಿಕೆಯಿಂದ ಘರ್ಷಣೆ ಹೇಗೆ ಬೆಳೆಯುತ್ತದೆಂಬುದನ್ನು 18ನೆಯ ಶತಮಾನದಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಲೆಕ್ಕ ಹಾಕಿದನು. ನಮ್ಮ ರೈತರು ಆಯ್ಲರನನ್ನು ಓದದೆಯೇ ಇದನ್ನು ಬಲ್ಲರು. ಬೆದರಿದ ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಒಬ್ಬ ಹುಡುಗನ ಕೈಗೆ ಕೊಟ್ಟರೂ ಹೋರಿ ನಿಲ್ಲುತ್ತದೆ. ನಿಯಮ ಹೀಗಿದೆ: ಘರ್ಷಣ ಗುಣಾಂಕವನ್ನು ಸುತ್ತಿದ ಕೋನದಿಂದ (ರೇಡಿಯನ್ ಅಳತೆಯಲ್ಲಿ) ಗುಣಿಸಿರಿ, ಬಂದ ಸಂಖ್ಯೆಯನ್ನು 2.718ರ ಘಾತಾಂಕವಾಗಿ ಇಡಿರಿ. ಎರಡು ತುದಿಗಳ ಎಳೆತಗಳ ಪ್ರಮಾಣ ಸಿಗುತ್ತದೆ. ಗುಣಾಂಕ 0.3 ಆದರೆ ಅರ್ಧ ಸುತ್ತಿಗೆ ಈ ಪ್ರಮಾಣ ಸುಮಾರು 2.6, ಒಂದು ಸುತ್ತಿಗೆ 6.6, ಎರಡು ಸುತ್ತಿಗೆ 43. ಸುತ್ತು ಇಮ್ಮಡಿಸಿದರೆ ಹಿಡಿತ ಇಮ್ಮಡಿಸುವುದಿಲ್ಲ. ತನ್ನನ್ನು ತಾನೇ ಗುಣಿಸಿಕೊಳ್ಳುತ್ತದೆ.

ಆದುದರಿಂದ ಮುಖದ ಕಡೆಯಿಂದ ಎಳೆದಾಗ ಪ್ರತಿಯೊಂದು ನೆರೆಯ ಕುಣಿಕೆಯೂ ಅರ್ಧ ಸುತ್ತಿನ ನೆರವು ನೀಡುತ್ತದೆ. ಹಿಂಬದಿಯಲ್ಲಿ ಕಂಡ ತುದಿಯನ್ನು ನೇರ ಮೇಲಕ್ಕೆ ಎತ್ತಿದಾಗಲಾದರೋ ಬಾಗುವಿಕೆಯೇ ಇಲ್ಲ. ಕುಣಿಕೆ ತೂತಿನಿಂದ ನೆಟ್ಟಗೆ ಹೊರಬರುತ್ತದೆ. ಹುಡುಗನು ಅರಿಯದೆಯೇ ಹಾಸಿನ ಅತ್ಯಂತ ದುರ್ಬಲ ಸ್ಥಳವನ್ನು, ಅತ್ಯಂತ ದುರ್ಬಲ ದಿಕ್ಕಿನಲ್ಲಿ ಎಳೆದಿದ್ದನು.

ನಮ್ಮ ಸೀಮೆಯ ಇತರ ಬಟ್ಟೆಗಳೊಡನೆ ಹೋಲಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಕಾಗವಾಡದಿಂದ ನಿಪ್ಪಾಣಿಯವರೆಗೆ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಕೌದಿಯನ್ನು ಕಾಣದವರಾರು? ಕೌದಿಯ ದಾರ ಒಂದು ತೂತಿನಲ್ಲಿ ಇಳಿದು ಇನ್ನೊಂದರಲ್ಲಿ ಏರುತ್ತದೆ. ಉದ್ದಕ್ಕೂ ಬಾಗುತ್ತ ಸಾಗುತ್ತದೆ. ಅದರ ತುದಿಯನ್ನು ಎಳೆದರೆ ಬಟ್ಟೆ ನೆರಿಗೆಗಟ್ಟೀತೇ ಹೊರತು ದಾರ ಸುಲಭವಾಗಿ ಬಾರದು. ಪ್ರತಿಯೊಂದು ಹೊಲಿಗೆಯ ಬಾಗುವಿಕೆಯೂ ಹಿಂದಿನದರ ಹಿಡಿತವನ್ನು ಗುಣಿಸುತ್ತದೆ. ಅಥಣಿಯ ಚಪ್ಪಲಿಯಲ್ಲಿ ಮೊಳೆ ಹೊಡೆಯದೆ ಚರ್ಮದ ದಾರದಿಂದಲೇ ಹೊಲಿದ ಅಟ್ಟೆ ಕಳಚದಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಸೊಲ್ಲಾಪುರದ ಟರ್ಕಿ ಟವೆಲಿನಲ್ಲಿಯೂ ಕುಣಿಕೆಗಳಿವೆ. ಆದರೆ ಅವನ್ನು ನೇಯುವಾಗಲೇ, ಸಡಿಲ ಬಿಟ್ಟ ಎರಡನೆಯ ಹಾಸಿನಿಂದ ಎಬ್ಬಿಸಿ, ಹೊಕ್ಕಿನ ಎಳೆಗಳ ನಡುವೆ ಬಂಧಿಸಿರುತ್ತಾರೆ. ಕುಚ್ಚುಸೂಜಿಯ ಕುಣಿಕೆಯಾದರೋ ನೇಯ್ದು ಮುಗಿದ ಬಟ್ಟೆಗೆ ತಡವಾಗಿ ಬಂದ ಅತಿಥಿ. ಅದಕ್ಕೆ ಮಗ್ಗದ ರಕ್ಷಣೆಯಿಲ್ಲ.

ಈ ದೌರ್ಬಲ್ಯವನ್ನು ನೀಗುವ ದಾರಿಗಳನ್ನು ಜನರು ಹಿಂದೆಯೇ ಹುಡುಕಿದ್ದಾರೆ. ಅಮೆರಿಕದ ಒಹಾಯೋ ಸಂಸ್ಥಾನದ ಟೊಲಿಡೊ ನಗರದ ಎಬನೀಜರ್ ರಾಸ್ ಎಂಬಾತನು 1881ರಲ್ಲಿ ಇಂತಹ ಕೈಯಂತ್ರವೊಂದಕ್ಕೆ ಹಕ್ಕುಪತ್ರ ಪಡೆದನು. ಅಲ್ಲಿನ ಮನೆಗಳಲ್ಲಿ ಹೆಂಗಸರು ಕಾಳಿನ ಚೀಲಗಳ ತಟ್ಟಿನ ಮೇಲೆ ಕುಣಿಕೆಯ ಹಾಸುಗಳನ್ನು ಮಾಡುತ್ತಿದ್ದ ಕಾಲ ಅದು. ಆ ತಟ್ಟಿನ ಸೆಣಬು ಬಂಗಾಳದ ಹೊಲಗಳ ಬೆಳೆ. ಆದರೆ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದ ಕಥೆ ಜಾರ್ಜಿಯಾ ಸಂಸ್ಥಾನದ ಡಾಲ್ಟನ್ ಊರಿನ ಕ್ಯಾಥರೀನ್ ಇವಾನ್ಸಳದು. 1895ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಆಕೆ ದಪ್ಪ ಹತ್ತಿಯ ನೂಲನ್ನು ಸಾಧಾರಣ ಸೂಜಿಯಿಂದ ಬಿಳುಪು ಮಾಡದ ಬಟ್ಟೆಗೆ ಪೋಣಿಸಿ, ಕತ್ತರಿಸಿ, ಕುಚ್ಚಿನ ಮಂಚದ ಹೊದಿಕೆಯೊಂದನ್ನು ಮಾಡಿದಳು. ಕತ್ತರಿಸಿದ ಕುಚ್ಚು ಉದುರದಂತೆ ಮಾಡಲು ಆಕೆ ಗಂಟು ಹಾಕಲಿಲ್ಲ, ಅಂಟು ಹಚ್ಚಲಿಲ್ಲ. ಹೊದಿಕೆಯನ್ನು ಬಿಸಿನೀರಿನಲ್ಲಿ ಒಗೆದಳು. ಬಟ್ಟೆ ಕುಗ್ಗಿತು, ತೂತುಗಳು ಕಿರಿದಾದವು, ಅದುಮುವ ಬಲ ಹೆಚ್ಚಿತು, ಘರ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚಿತು. 1900ರಲ್ಲಿ ಆಕೆ ಇಂತಹ ಹೊದಿಕೆಯೊಂದನ್ನು ಎರಡೂವರೆ ಡಾಲರಿಗೆ ಮಾರಿದಳು. ಡಾಲ್ಟನ್ನಿನ ಬೃಹತ್ ನೆಲಹಾಸಿನ ಉದ್ಯಮ ಆ ಮನೆಗೆಲಸದಿಂದಲೇ ಬೆಳೆಯಿತು. ಘರ್ಷಣ ಗುಣಾಂಕವನ್ನು ಬದಲಿಸಲಾಗದಿದ್ದರೆ ಅದುಮುವ ಬಲವನ್ನು ಬದಲಿಸು ಎಂಬ ಉಪಾಯವನ್ನು ಶಾಲೆಯ ವಯಸ್ಸಿನ ಹುಡುಗಿ ಒಗೆತದ ತೊಟ್ಟಿಯಲ್ಲಿ ಸಾಧಿಸಿದಳು.

ಇಂದು ಭದೋಹಿ, ಜಯಪುರಗಳಲ್ಲಿ ವಿದ್ಯುತ್ತಿನ ಅಥವಾ ಗಾಳಿಯ ಒತ್ತಡದ ಸೂಜಿಯಿಂದ ಮಾಡುವ ನೆಲಹಾಸುಗಳಿಗೆ ಹಿಂಬದಿಯಲ್ಲಿ ರಬ್ಬರಿನ ಹಾಲಿನಂಥ ಅಂಟನ್ನು ಬಳಿದು, ಮೇಲೆ ಇನ್ನೊಂದು ಬಟ್ಟೆಯನ್ನು ಅಂಟಿಸುತ್ತಾರೆ. ಅಲ್ಲಿಗೆ ತುದಿಯೂ ಕಾಣದು, ಎಳೆಯುವ ಹುಡುಗನ ಭಯವೂ ಇಲ್ಲ.

ನಮ್ಮ ವಿದ್ಯಾರ್ಥಿನಿಯ ಕಾಲೊರಸನ್ನು ಪರೀಕ್ಷಿಸಿದಾಗ ಅದರಲ್ಲಿ ಮೂರು ದೋಷಗಳು ಕಂಡವು. ಹಿಂಬದಿಗೆ ಏನನ್ನೂ ಹಚ್ಚಿರಲಿಲ್ಲ. ನೂಲಿನ ತುದಿ ಹಿಂದೆಯೇ ಉಳಿದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ನೂಲು ಉಳಿಸಲೆಂದು ಕುಣಿಕೆಗಳನ್ನು ವಿರಳವಾಗಿ ಹಾಕಿದ್ದಳು. ಗೋಣಿಯ ಒರಟು ಎಳೆಗಳು ತಾವಾಗಿ ತೂತನ್ನು ಪೂರ್ತಿ ಮುಚ್ಚಲಾರವು. ಅಲ್ಲಿ ಹಿಡಿತ ಬರುವುದು ಕುಣಿಕೆಗಳ ಒತ್ತಣೆಯಿಂದ. ಪ್ರತಿಯೊಂದು ಹೊಸ ಕುಣಿಕೆಯೂ ತಟ್ಟಿನ ಎಳೆಗಳನ್ನು ನೆರೆಯ ಕುಣಿಕೆಯ ಕಡೆಗೆ ತಳ್ಳುತ್ತದೆ. ವಿರಳವಾಗಿದ್ದರೆ ಎಳೆಗಳಿಗೆ ಸರಿದುಕೊಳ್ಳಲು ಜಾಗ ಸಿಗುತ್ತದೆ.

ನೂಲಿನ ಮಿತವ್ಯಯಕ್ಕೆ ಅರ್ಥವಿಲ್ಲದಿಲ್ಲ. ಮೇಲಿನ ಲೆಕ್ಕದ ಪ್ರಕಾರ ಒಂದೊಂದು ಕುಣಿಕೆಗೆ ಎರಡು ಕಾಲುಗಳಿಗೆ 2, ಹಿಂಬದಿಗೆ ಅರ್ಧ, ಒಟ್ಟು ಎರಡೂವರೆ ಸೆಂಟಿಮೀಟರ್ ನೂಲು ಬೇಕು. 9,600 ಕುಣಿಕೆಗಳಿಗೆ 240 ಮೀಟರ್. ಮೀಟರಿಗೆ 1 ಗ್ರಾಂ ತೂಗುವ ದಪ್ಪ ನೂಲಾದರೆ 240 ಗ್ರಾಂ. ದಖ್ಖನಿ ತಳಿಯ ಕುರಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಸಿಗುವ ಉಣ್ಣೆ ಒಂದು ಕಿಲೋಗ್ರಾಮಿಗಿಂತ ಕಡಮೆ. ಕೆಟ್ಟದ್ದನ್ನು ತೆಗೆದರೆ ಒಂದು ಕುರಿಗೆ ಎರಡು ಕಾಲೊರಸು ಎನ್ನಬಹುದು.

ಈ ಉಣ್ಣೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೋದವರು ಹೆಗಲ ಮೇಲೆ ಕರಿಯ ಕಂಬಳಿ ಹಾಕಿದ ಕುರಿಗಾರರನ್ನು ಕಂಡಿರುತ್ತಾರೆ. ಆ ಕಂಬಳಿ ಈ ಒರಟು ಉಣ್ಣೆಯದು. ಅಗ್ಗದ ಕೃತಕ ನೂಲಿನ ಹೊದಿಕೆಗಳು ಬಂದ ಮೇಲೆ ಅದಕ್ಕೆ ಬೇಡಿಕೆ ಕುಸಿಯಿತು. ಕತ್ತರಿಸಿದ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಬಿಸಾಡಿಬರುವ ಸಂದರ್ಭಗಳುಂಟು. ಒರಟೆಂದು ಜನರು ತಳ್ಳುವ ಗುಣವೇ ನೆಲಹಾಸಿಗೆ ಬೇಕಾದ ಗುಣ ಎಂಬುದನ್ನು ಭೌತಶಾಸ್ತ್ರ ತೋರಿಸಿಕೊಡುತ್ತದೆ. ದುಂಡನೆಯ ಎಳೆಯನ್ನು ಬಗ್ಗಿಸಲು ಬೇಕಾದ ಬಲ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಮೃದುವಾದ ಮೆರಿನೋ ಉಣ್ಣೆಯ ಎಳೆ ಸುಮಾರು 20 ಮೈಕ್ರೋಮೀಟರ್ ದಪ್ಪ. ದಖ್ಖನಿ ಉಣ್ಣೆಯದು 40ರ ಆಸುಪಾಸು, ಎಷ್ಟೋ ವೇಳೆ ಅದಕ್ಕೂ ಹೆಚ್ಚು. ದಪ್ಪ ಎರಡು ಪಟ್ಟಾದರೆ ಬಿಗುವು ಹದಿನಾರು ಪಟ್ಟು. ಒಂದೇ ತೂಕದ ನೂಲಿನಲ್ಲಿ ದಪ್ಪ ಎಳೆಗಳ ಸಂಖ್ಯೆ ನಾಲ್ಕನೆಯ ಒಂದು ಭಾಗವಷ್ಟೇ ಇರುವುದರಿಂದ ನೂಲಿನ ಬಿಗುವು ನಾಲ್ಕು ಪಟ್ಟು ಎನ್ನೋಣ. ತುಳಿದ ಕುಣಿಕೆ ಮತ್ತೆ ತಲೆಯೆತ್ತಬೇಕಾದರೆ ಈ ಬಿಗುವು ಬೇಕು. ಮೈಗೆ ಚುಚ್ಚುವ ಉಣ್ಣೆ ಕಾಲಡಿಯಲ್ಲಿ ಬಾಳುತ್ತದೆ.

ಹಾಗೆಂದು ಕಾಲೊರಸು ಮಾಡಿ ಕುರಿಗಾರರ ಕಷ್ಟವನ್ನು ಪರಿಹರಿಸಬಹುದೆಂದು ನಾನು ಹೇಳಲಾರೆ. ಸೆಕೆಂಡಿಗೆ ಒಂದು ಕುಣಿಕೆಯಂತೆ ಹಾಕಿದರೆ 9,600 ಕುಣಿಕೆಗಳು 2 ಗಂಟೆ 40 ನಿಮಿಷಗಳಲ್ಲಿ ಮುಗಿಯುತ್ತವೆ. ಆದರೆ 240 ಮೀಟರ್ ನೂಲನ್ನು ಕೈಯಿಂದ ನೂಲಲು ಹಿಡಿಯುವ ಹೊತ್ತು ಅದಕ್ಕಿಂತ ಬಹಳ ಹೆಚ್ಚು. ಆ ಹೊತ್ತಿಗೆ ಬೆಲೆ ಕಟ್ಟುವವರು ಸಿಗುವವರೆಗೆ ಲೆಕ್ಕ ಕೂಡಿಬರುವುದಿಲ್ಲ. ಅಜ್ಜಿ ಮೊಮ್ಮಗಳಿಂದ ಕೂಲಿ ಕೇಳಲಿಲ್ಲವೆಂಬುದು ಬೇರೆ ಮಾತು.

ಆಕೆ ಅದೇ ನೂಲಿನಿಂದ ಮತ್ತೊಂದನ್ನು ಮಾಡಿದಳು. ಈ ಸಲ ತಳಕ್ಕೆ ನೀರು ಕಾಣದ ದಪ್ಪ ಹತ್ತಿಯ ಬಟ್ಟೆ, ಕುಣಿಕೆಗಳು ಒತ್ತು, ನೂಲಿನ ತುದಿಗಳನ್ನು ಮುಖದ ಕಡೆಗೆ ಚುಚ್ಚಿ ಕುಣಿಕೆಗಳ ಮಟ್ಟಕ್ಕೆ ಕತ್ತರಿಸಿದ್ದಳು. ಹಿಂಬದಿಗೆ ಹುಣಸೆಬೀಜದ ಗಂಜಿಯನ್ನು ಬಳಿದಳು. ಕಂಬಳಿ ನೇಯುವವರು ಹಾಸಿನ ನೂಲಿಗೆ ಹಚ್ಚುವ ಗಂಜಿಯೇ ಅದು, ಸಲಹೆ ಅಜ್ಜಿಯದು.

ವಾಚಕರು ತಾವೂ ಇದನ್ನು ಪರೀಕ್ಷಿಸಬಹುದು. ಅಂಗೈಯಗಲದ ನಾಲ್ಕು ತುಂಡುಗಳನ್ನು ಒಂದೇ ಬಟ್ಟೆಯಲ್ಲಿ, ಒಂದೇ ನೂಲಿನಿಂದ ಮಾಡಿರಿ. ಒಂದನ್ನು ಹಾಗೆಯೇ ಬಿಡಿ. ಒಂದನ್ನು ಬಿಸಿನೀರಿನಲ್ಲಿ ಅದ್ದಿ ಒಣಗಿಸಿ. ಒಂದಕ್ಕೆ ಗಂಜಿ ಹಚ್ಚಿ. ಒಂದರಲ್ಲಿ ಕುಣಿಕೆಗಳನ್ನು ಇಮ್ಮಡಿ ಒತ್ತಾಗಿ ಹಾಕಿ. ನೂಲಿನ ತುದಿಯನ್ನು ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಕಟ್ಟಿ, ಹಿಂಬದಿಯಿಂದ ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಕುಣಿಕೆ ಜಾರುವ ಕ್ಷಣದಲ್ಲಿ ಮುಳ್ಳು ತೋರುವ ಅಳತೆಯನ್ನು ಬರೆದುಕೊಳ್ಳಿ. ಜಾರಲಾರಂಭಿಸಿದ ಮೇಲೆ ಮುಳ್ಳು ಸ್ವಲ್ಪ ಹಿಂದೆ ಬೀಳುವುದನ್ನೂ ಗಮನಿಸಿ. ಸ್ಥಿರ ಘರ್ಷಣೆಗೂ ಚಲನ ಘರ್ಷಣೆಗೂ ಇರುವ ಅಂತರ ಅದು. ಒಂದೊಂದು ತುಂಡಿನಲ್ಲಿ ಹತ್ತು ಸಲ ಅಳೆದು ಸರಾಸರಿ ತೆಗೆಯಿರಿ. ಕೈಕೆಲಸದಲ್ಲಿ ಒಂದು ಕುಣಿಕೆಯಂತೆ ಇನ್ನೊಂದಿರುವುದಿಲ್ಲ. ಗಂಜಿ ಹಚ್ಚಿದ ತುಂಡನ್ನು ಮಾತ್ರ ಒದ್ದೆ ಮಾಡಬೇಡಿ, ನೀರಿನಲ್ಲಿ ಅದು ಮೆತ್ತಗಾಗುತ್ತದೆ. ರಾತ್ರಿ ಮುಚ್ಚಿಡಿ, ಜಿರಲೆಗಳಿಗೆ ಅದು ಪ್ರಿಯ.